ಚೆಕರ್ ಹಸಿರು ತೋರಿಸಿದ ಮೇಲೆ ಶುರುವಾದ ರಿಪೇರಿ

ಒಂದು ಸಣ್ಣ ಪಟ್ಟಣದ ಸ್ಥಳೀಯ ಸಂಸ್ಥೆಯ ವೆಬ್‌ಸೈಟ್. ಕಣ್ಣು ಕಾಣದವರು, ದೃಷ್ಟಿ ಮಂದ ಇರುವವರು, ಮೌಸ್ ಹಿಡಿಯಲು ಆಗದವರು ಬಳಸುವ ಹಾಗೆ ಅದನ್ನು ಸರಿ ಮಾಡಿಕೊಡಬೇಕು, ಕೆಲಸ ಇಷ್ಟೇ. ಊರಿನ ಹೆಸರು ಬೇಡ. ಇಂಥ ಸೈಟುಗಳು ಎಲ್ಲ ಕಡೆ ಇವೆ, ಒಬ್ಬರನ್ನೇ ಹಿಡಿದು ಬೈದು ಏನೂ ಆಗಬೇಕಿಲ್ಲ. ಸೈಟು ಪಿಎಚ್‌ಪಿಯಲ್ಲಿದೆ, ಡೇಟಾಬೇಸ್ ಮೈಎಸ್‌ಕ್ಯುಎಲ್. ಪುಟಗಳು ಕನ್ನಡದಲ್ಲಿವೆ, ಜೊತೆಗೆ ಅರೆಬರೆ ಇಂಗ್ಲಿಷ್. ಈ ಲಾಗ್ ಬರೆಯುವುದಕ್ಕೆ ಒಂದು ಕಾರಣ ಇದೆ. ಈ ವಿಷಯದ ಗೈಡುಗಳೆಲ್ಲ ಇಂಗ್ಲಿಷ್ ಸೈಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕನ್ನಡ ಸೈಟು ಕೆಡುವ ಜಾಗಗಳೇ ಬೇರೆ. ಸೈಟನ್ನು ತಾನಾಗಿ ಪರೀಕ್ಷಿಸಿ ತಪ್ಪು ಹೇಳುವ ಚೆಕರ್ ಅನ್ನುವ ತಂತ್ರಾಂಶಗಳಿಗೆ ಅವು ಕಾಣುವುದೂ ಇಲ್ಲ.

ಕಾನೂನಿನ ಮಾತು

ಇದನ್ನು ಮೊದಲೇ ಮುಗಿಸಿಬಿಡುತ್ತೇನೆ. ಯಾಕೆಂದರೆ ಕಚೇರಿಯಲ್ಲಿ ಮೊದಲ ಪ್ರಶ್ನೆಯೇ "ಇದು ಕಡ್ಡಾಯಾನಾ?" ಅಂತ.

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ಕ್ಕೆ. 2017ರ ನಿಯಮಗಳಲ್ಲಿ 15ನೇದು ಸರ್ಕಾರಿ ವೆಬ್‌ಸೈಟುಗಳು ಜಿಐಜಿಡಬ್ಲ್ಯು ಪಾಲಿಸಬೇಕು ಅನ್ನುತ್ತದೆ. ಅದು ಭಾರತ ಸರ್ಕಾರದ ವೆಬ್‌ಸೈಟುಗಳ ಮಾರ್ಗಸೂಚಿ. 2009ರಲ್ಲಿ ಮೊದಲು ಬಂತು, ಈಗ ನಡೆಯುತ್ತಿರುವುದು 2023ರ ಮೂರನೇ ಆವೃತ್ತಿ. ಅದರ ಬೆನ್ನೆಲುಬು ಡಬ್ಲ್ಯುಸಿಎಜಿ 2.1, ಅಂದರೆ ವೆಬ್ ಎಲ್ಲರಿಗೂ ಬಳಸಲು ಬರುವ ಹಾಗೆ ಮಾಡುವ ಅಂತರರಾಷ್ಟ್ರೀಯ ಮಾನದಂಡ. ಅದರ ಮೂರು ಮಟ್ಟಗಳಲ್ಲಿ ನಡುವಿನದು 'ಎಎ', ಪಾಲಿಸಬೇಕಾದದ್ದು 50 ಅಂಶ. ಇದರ ಜೊತೆ ಐಎಸ್ 17802 ಅನ್ನುವ ಭಾರತೀಯ ಮಾನಕವೂ ಇದೆ.

2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ 15ನೇ ನಿಯಮದ ಮೇಲೇ ಕೈ ಇಟ್ಟಿತು. ಕಾಯ್ದೆ 'ಮಾಡಲೇಬೇಕು' ಅನ್ನುತ್ತದೆ, ನಿಯಮ ನೋಡಿದರೆ ಬರೀ ಸಲಹೆಗಳ ಪಟ್ಟಿ, ಇದು ಕಾಯ್ದೆಗೆ ಹೊಂದುವುದಿಲ್ಲ ಎಂದಿತು. ಕಡ್ಡಾಯದ ಅಂಶಗಳನ್ನು ಬೇರೆ ಮಾಡಿ ನಿಯಮ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು. 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪು ಬಂತು, ಪ್ರಜ್ಞಾ ಪ್ರಸೂನ್ ಪ್ರಕರಣದ್ದು. ಆಸಿಡ್ ದಾಳಿಗೆ ಸಿಕ್ಕವರು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ಬ್ಯಾಂಕಿನ ಕೆವೈಸಿಯಲ್ಲಿ ಫೇಲಾಗುತ್ತಿದ್ದರು. ಡಿಜಿಟಲ್ ಸೇವೆ ಕೈಗೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಅಂತ ಕೋರ್ಟ್ ಹೇಳಿತು, 20 ನಿರ್ದೇಶನ ಕೊಟ್ಟಿತು.

ದಂಡ ಎಷ್ಟು ಅಂತಲೂ ಕೇಳಿದರು. ಕಾಯ್ದೆಯ 89ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೆ 10,000 ರೂಪಾಯಿವರೆಗೆ, ಆಮೇಲೆ 50,000ದಿಂದ 5 ಲಕ್ಷದವರೆಗೆ. ಈ ಸಾಲು ಓದಿದ ಮೇಲೆ ಫೈಲು ಸ್ವಲ್ಪ ಬೇಗ ಓಡಿತು, ಸುಳ್ಳು ಯಾಕೆ ಹೇಳಲಿ.

ಸುಲಭದ ಭಾಗ

ಮೊದಲು ಲೈಟ್‌ಹೌಸ್ ಮತ್ತು ಆಕ್ಸ್ ಅನ್ನುವ ಎರಡು ಚೆಕರ್ ಓಡಿಸಿ ಅವು ಹೇಳಿದ್ದನ್ನೆಲ್ಲ ಸರಿ ಮಾಡಿದೆ. ಚಿತ್ರಗಳಿಗೆ ಆಲ್ಟ್ ಪಠ್ಯ, ಅಂದರೆ ಚಿತ್ರದಲ್ಲಿ ಏನಿದೆ ಅಂತ ಹೇಳುವ ಮಾತು. ಶೀರ್ಷಿಕೆಗಳಿಗೆ ಸರಿಯಾದ ಹಂತ. ಮೆನು ದಾಟಿ ನೇರ ವಿಷಯಕ್ಕೆ ಹೋಗುವ ಲಿಂಕು. ಟ್ಯಾಬ್ ಒತ್ತಿದಾಗ ಎಲ್ಲಿದ್ದೇವೆ ಅಂತ ತೋರಿಸುವ ಗೆರೆಯನ್ನು ಹಿಂದೆ ಯಾರೋ ಸಿಎಸ್‌ಎಸ್‌ನಲ್ಲಿ ಆರಿಸಿದ್ದರು, ಅದನ್ನು ವಾಪಸ್ ತಂದೆ. ಬಿಳಿ ಮೇಲೆ ಬೂದು ಅಕ್ಷರ ಇತ್ತು, ಬಣ್ಣದ ಕೋಡ್ #999, ಅದರ ಕಾಂಟ್ರಾಸ್ಟ್ 2.85ಕ್ಕೆ 1. ಬೇಕಾದದ್ದು ಕಡಿಮೆ ಅಂದರೆ 4.5ಕ್ಕೆ 1. #595959 ಮಾಡಿದೆ, 7ಕ್ಕೆ ಬಂತು.

ಮೇಲೆ ಓಡುತ್ತಿದ್ದ ಸುದ್ದಿ ಪಟ್ಟಿಯನ್ನು ತೆಗೆದೆ. ತಾನಾಗಿ ಓಡುವುದು ಐದು ಸೆಕೆಂಡಿಗಿಂತ ಜಾಸ್ತಿ ಇದ್ದರೆ ಅದನ್ನು ನಿಲ್ಲಿಸುವ ಬಟನ್ ಇರಲೇಬೇಕು. ಅದರ ಬದಲು ಸುಮ್ನೆ ಒಂದು ಪಟ್ಟಿ ಇಟ್ಟರೆ ಆಯಿತು. ಓಡದಿದ್ದರೆ ಅದು ಸುದ್ದಿ ಅನ್ನಿಸುವುದಿಲ್ಲ ಅಂತ ಕಚೇರಿಯವರಿಗೆ ಬೇಸರ. ನಾನು ಬಿಡಲಿಲ್ಲ.

ಇದಾದ ಮೇಲೆ ಲೈಟ್‌ಹೌಸ್ 100 ಕೊಟ್ಟಿತು, ವೃತ್ತ ಪೂರ್ತಿ ಹಸಿರು. ಇಲ್ಲಿಗೆ ಬಿಲ್ ಬರೆದು ಕೈ ತೊಳೆದುಕೊಳ್ಳುವವರು ಇದ್ದಾರೆ. ನನ್ನ ಜೊತೆ ಪರೀಕ್ಷೆಗೆ ಕೂತವರು ಹೈಸ್ಕೂಲಿನ ಒಬ್ಬರು ಮೇಷ್ಟ್ರು. ಅವರಿಗೆ ಕಣ್ಣು ಕಾಣುವುದಿಲ್ಲ. ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಬಳಸುತ್ತಾರೆ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ, ಅದರೊಳಗೆ ಇಸ್ಪೀಕ್‌ನ ಕನ್ನಡ ದನಿ, ಫೋನಿನಲ್ಲಿ ಟಾಕ್‌ಬ್ಯಾಕ್. ಎನ್‌ವಿಡಿಎ ಪೂರ್ತಿ ಉಚಿತ. ಅವರು ಇಟ್ಟುಕೊಳ್ಳುವ ವೇಗದಲ್ಲಿ ನನಗೆ ಒಂದು ಪದವೂ ತಿಳಿಯುವುದಿಲ್ಲ.

ಸೂಚನಾ ಫಲಕದ ಪುಟ ತೆರೆದರು. ಒಂದಿಷ್ಟು ಕೇಳಿ, "ಏನಪ್ಪಾ, ಇದು ಯಾವ ಭಾಷೆ ಓದ್ತಾ ಇದೆ?" ಅಂದರು. ಅಸಲು ರಿಪೇರಿ ಶುರುವಾದದ್ದು ಅಲ್ಲಿಂದ.

ಭಾಷೆಯ ಗುರುತು

ಮೊದಲ ತೊಂದರೆ ಚಿಕ್ಕದು. ಪುಟದ ತಲೆಯಲ್ಲಿ ಭಾಷೆ ಹೇಳುವ ಲ್ಯಾಂಗ್ ಆಟ್ರಿಬ್ಯೂಟ್ 'ಇಎನ್' ಅಂತ ಇತ್ತು. ಟೆಂಪ್ಲೇಟು ಇಂಗ್ಲಿಷಿನದು, ಯಾರೂ ಬದಲಾಯಿಸಿರಲಿಲ್ಲ. ಚೆಕರ್‌ಗೆ ಅಲ್ಲಿ ಒಂದು ಸರಿಯಾದ ಕೋಡ್ ಇದ್ದರೆ ಸಾಕು. ಪುಟ ನಿಜಕ್ಕೂ ಆ ಭಾಷೆಯಲ್ಲಿದೆಯಾ ಅಂತ ಅದು ನೋಡಲಿಲ್ಲ. ಎನ್‌ವಿಡಿಎ ಮಾತ್ರ ಆ ಗುರುತನ್ನು ನಂಬಿ ದನಿ ಆರಿಸುತ್ತದೆ. 'ಕೆಎನ್' ಮಾಡಿದೆ. ನಡುವೆ ಬರುವ ಇಂಗ್ಲಿಷ್ ವಾಕ್ಯಗಳಿಗೆ, ಮತ್ತೆ ಭಾಷೆ ಬದಲಾಯಿಸುವ ಲಿಂಕಿಗೆ, ಬೇರೆ ಗುರುತು ಹಾಕಿದೆ. ಒಂದೊಂದು ಇಂಗ್ಲಿಷ್ ಪದಕ್ಕೂ ಹಾಕಲು ಹೋಗಬೇಡಿ. ದನಿ ಪದಪದಕ್ಕೂ ಬದಲಾದರೆ ಕೇಳುವವರಿಗೆ ತಲೆನೋವು. ಇದು ಮೇಷ್ಟ್ರ ತೀರ್ಪು.

ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ

ದೊಡ್ಡ ತೊಂದರೆ ಹಳೆಯ ಸೂಚನೆಗಳಲ್ಲಿತ್ತು. ಅವೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ, ವರ್ಡ್‌ನಿಂದ ಎತ್ತಿ ಅಂಟಿಸಿದವು. ಫಾಂಟ್ ಫೈಲು ಸರ್ವರ್‌ನಲ್ಲಿ ಇರುವುದರಿಂದ ಕಣ್ಣಿಗೆ ಚೆಂದದ ಕನ್ನಡ. ಒಳಗೆ ಇರುವುದು ಬೇರೆ. 'ಕರ್ನಾಟಕ' ಅನ್ನುವ ಪದವನ್ನೇ ತೆಗೆದುಕೊಳ್ಳಿ. ಕಡತದಲ್ಲಿ ಇರುವುದು ಹೀಗೆ: ಇಂಗ್ಲಿಷಿನ ದೊಡ್ಡ 'ಪಿ', ತಲೆ ಮೇಲೆ ಗೀಟಿರುವ 'ಎ', ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀಟಿರುವ ಇನ್ನೊಂದು 'ಎ', ಒಂದು ಐಸ್‌ಲ್ಯಾಂಡಿನ ಅಕ್ಷರ, ಸಣ್ಣ 'ಎಲ್', ಕೊನೆಗೆ ಮತ್ತೆ 'ಪಿ' ಮತ್ತು 'ಎ'. ಸ್ಕ್ರೀನ್ ರೀಡರ್ ಫಾಂಟ್ ನೋಡುವುದಿಲ್ಲ, ಕಡತ ಓದುತ್ತದೆ. ಹಾಗಾಗಿ ಮೇಷ್ಟ್ರ ಕಿವಿಗೆ ಬಿದ್ದದ್ದು 'ಪಿ, ಎ, ಪೌಂಡ್'.

ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದ ಇದೆ. ವಿಂಡೋಸ್ ಎಕ್ಸ್‌ಪಿ ಕಾಲಕ್ಕೇ ತುಂಗಾ ಫಾಂಟ್ ಬಂತು. ಆದರೂ ಕಚೇರಿಗಳ ಹಳೇ ಕಡತಗಳು, ಅಚ್ಚಿಗೆ ಹೋಗುವ ಪ್ರತಿಗಳು ಇನ್ನೂ ಆ ಹಳೇ ದಾರಿಯಲ್ಲೇ ನಡೆಯುತ್ತಿವೆ. ಕಾಗದಕ್ಕೆ ಪ್ರಿಂಟ್ ಹಾಕುವವರೆಗೆ ಯಾವುದೂ ತೊಂದರೆ ಅಲ್ಲ, ಅಲ್ವಾ.

ಹಳೇ ಫಾಂಟಿನಿಂದ ಯೂನಿಕೋಡ್‌ಗೆ ತರುವ ಪರಿವರ್ತಕಗಳು ಬೇಕಾದಷ್ಟಿವೆ. ತೆರೆದ ಆಕರದ ಒಂದು ಪಟ್ಟಿ ತೆಗೆದುಕೊಂಡು ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದೆ. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಮುಗಿಯುವುದಿಲ್ಲ, ಕ್ರಮವೂ ಬದಲಾಗಬೇಕು. ಹಳೇ ಫಾಂಟ್ ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ. 'ಕರ್ನಾಟಕ'ದ ಅರ್ಕಾವತ್ತು ಹಳೇ ಕಡತದಲ್ಲಿ 'ನಾ' ಆದ ಮೇಲೆ ಬರುತ್ತದೆ. ಹಾಗೇ ಬದಲಿಸಿದರೆ 'ಕನಾರ್ಟಕ' ಆಗುತ್ತದೆ. 'ರ್' ಅನ್ನು ಎತ್ತಿ 'ನಾ'ಗಿಂತ ಮುಂಚೆ ಇಡಬೇಕು. ಒತ್ತಕ್ಷರದ್ದೂ ಇದೇ ಕಥೆ. 'ಹಕ್ಕು' ಅನ್ನುವುದು ಹಳೇ ಕಡತದಲ್ಲಿ 'ಹ', 'ಕು', ಆಮೇಲೆ ಕ ಒತ್ತು. ಯೂನಿಕೋಡ್‌ನಲ್ಲಿ ಒತ್ತು ಮೊದಲು, ಕೊಂಬು ಕೊನೆಗೆ.

ಇನ್ನೊಂದು ತೊಡಕು ಮಧ್ಯೆ ಬರುವ ನಿಜವಾದ ಇಂಗ್ಲಿಷ್. ಒಂದು ಸೂಚನೆಯಲ್ಲಿ ಇಮೇಲ್ ವಿಳಾಸ ಇತ್ತು, ಸ್ಕ್ರಿಪ್ಟ್ ಅದನ್ನೂ ಕನ್ನಡ ಮಾಡಿ ಗುರುತೇ ಸಿಗದ ಹಾಗೆ ಮಾಡಿತು. ಫಾಂಟ್ ಟ್ಯಾಗ್ ಉಳಿದಿರುವ ಕಡೆ ಸುಲಭ, ನುಡಿ ಅಂತ ಇದ್ದರೆ ಮಾತ್ರ ಬದಲಿಸು ಅಂದರೆ ಆಯಿತು. ಟ್ಯಾಗ್ ಕಳೆದುಹೋದ ಕಡೆ, ಗೀಟು-ಚುಕ್ಕಿ ಇರುವ ಲ್ಯಾಟಿನ್ ಅಕ್ಷರ ಪದದಲ್ಲಿ ಎಷ್ಟಿವೆ ಅಂತ ನೋಡಿ ತೀರ್ಮಾನಿಸುವ ಹಾಗೆ ಮಾಡಿದೆ. ಸರಿಯಾದ ಇಂಗ್ಲಿಷಿನಲ್ಲಿ ಅವು ಹೆಚ್ಚುಕಡಿಮೆ ಇರುವುದೇ ಇಲ್ಲ. ಅನುಮಾನ ಇದ್ದದ್ದನ್ನು ಬೇರೆ ಪಟ್ಟಿಗೆ ಹಾಕಿ ಕೈಯಲ್ಲೇ ನೋಡಿದೆವು.

ಸೊನ್ನೆ ಮತ್ತು ಒಂಬತ್ತು

ಈಗ ಯೂನಿಕೋಡ್ ಆಯಿತು, ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ. ಮೊದಲಿಂದಲೇ ಯೂನಿಕೋಡ್‌ನಲ್ಲಿದ್ದ ಪುಟಗಳಲ್ಲಿ ಮೇಷ್ಟ್ರಿಗೆ ಕೇಳಿಸಿದ್ದು 'ಸ ಸೊನ್ನೆ ಖ್ಯೆ'. ತೆರೆಯ ಮೇಲೆ 'ಸ೦ಖ್ಯೆ' ಅಂತ ಸರಿಯಾಗೇ ಕಾಣುತ್ತಿತ್ತು. ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಒತ್ತಿದ್ದರು. ಎರಡೂ ನೋಡಲು ಒಂದೇ ಥರ ಇರುವುದರಿಂದ ಕಣ್ಣಿದ್ದವರು ಯಾರೂ ಹಿಡಿಯಲಿಲ್ಲ. ಇದರ ಅಣ್ಣ ಒಬ್ಬ ಇದ್ದಾನೆ: ಅರ್ಕಾವತ್ತಿನ ಜಾಗದಲ್ಲಿ ಅಂಕಿ ಒಂಬತ್ತು. 'ಅಜಿ೯' ಅಂತ ಟೈಪ್ ಆಗಿದ್ದರೆ ಕಿವಿಗೆ 'ಅಜಿ ಒಂಬತ್ತು'.

ಇದು ಕಣ್ಣಿಲ್ಲದವರ ತೊಂದರೆ ಮಾತ್ರ ಅಂತಲೂ ಅಲ್ಲ. ಸೈಟಿನ ಹುಡುಕು ಪೆಟ್ಟಿಗೆಯಲ್ಲಿ 'ಅರ್ಜಿ' ಅಂತ ಹಾಕಿದರೆ ಈ ಪುಟಗಳು ಯಾರಿಗೂ ಸಿಗುತ್ತಿರಲಿಲ್ಲ.

ಸೊನ್ನೆಗೆ ನಿಯಮ ಸುಲಭ. ಹಿಂದೆ ಕನ್ನಡ ಅಕ್ಷರ ಇದ್ದು ಪಕ್ಕದಲ್ಲಿ ಅಂಕಿ ಇಲ್ಲದಿದ್ದರೆ ಅದು ಅನುಸ್ವಾರ. '೧೦', '೨೦೨೩' ಇವನ್ನು ಮುಟ್ಟಬಾರದು. ಒಂಬತ್ತು ಕಾಟ ಕೊಟ್ಟಿತು. ಅಕ್ಷರದ ಬೆನ್ನಿಗೇ ೯ ಬಂದರೆ ಅದನ್ನು 'ರ್' ಮಾಡಿ ಹಿಂದಿನ ಗುಣಿತಾಕ್ಷರದ ಮುಂಚೆ ಇಡು ಅಂತ ಬರೆದೆ. 'ಅಜಿ೯' ಸರಿಯಾಗಿ 'ಅರ್ಜಿ' ಆಯಿತು. ಈ ಪಟ್ಟಣ ಸುತ್ತಲಿನ ಪಂಚಾಯಿತಿ ಹಳ್ಳಿಗಳನ್ನು ಸೇರಿಸಿಕೊಂಡು ಬೆಳೆದದ್ದು, ಹಾಗಾಗಿ ಖಾತೆಯ ಪುಟಗಳಲ್ಲಿ ಪಂಚಾಯಿತಿಯ ಆಸ್ತಿ ದಾಖಲೆಯಾದ ನಮೂನೆ 9 ಮತ್ತೆ ಮತ್ತೆ ಬರುತ್ತದೆ. ಕೆಲವು ಕಡೆ ಜಾಗ ಬಿಡದೆ 'ನಮೂನೆ೯' ಅಂತ ಹೊಡೆದಿದ್ದರು. ಸ್ಕ್ರಿಪ್ಟ್ ಅದನ್ನು 'ನಮೂರ್ನೆ' ಮಾಡಿ ಕೂತಿತ್ತು. ಮೇಷ್ಟ್ರು ಅದನ್ನು ಕೇಳಿ ನಕ್ಕದ್ದು ನಕ್ಕದ್ದೇ. ಕೊನೆಗೆ 'ನಮೂನೆ', 'ವಾರ್ಡ್', 'ಕಲಂ', 'ಅನುಬಂಧ' ಇಂಥ ಪದಗಳ ಒಂದು ವಿನಾಯಿತಿ ಪಟ್ಟಿ ಮಾಡಿದೆ. ೯ ತಿದ್ದುವ ಮುಂಚೆ ಒಂದು ಸಲ ಮನುಷ್ಯರಿಗೆ ತೋರಿಸುತ್ತದೆ.

ಈ ಎರಡನ್ನೂ ಯಾವ ಚೆಕರ್ ಕೂಡ ಹೇಳಲಿಲ್ಲ. 50 ಅಂಶಗಳಲ್ಲಿ ಇದಕ್ಕೆ ಅಂತ ಒಂದು ಸಾಲಿಲ್ಲ. ಅಕ್ಷರ ಅಕ್ಷರವಾಗೇ ಇರುತ್ತದೆ ಅಂತ ನಂಬಿ ಬರೆದ ಮಾನದಂಡ ಅದು.

ಪಿಡಿಎಫ್‌ಗಳ ರಾಶಿ

ಸೂಚನೆ, ಟೆಂಡರ್, ಸಾಮಾನ್ಯ ಸಭೆಯ ನಡಾವಳಿ, ಎಲ್ಲವೂ ಪಿಡಿಎಫ್. ಎನ್‌ವಿಡಿಎಯಲ್ಲಿ ಇನ್ಸರ್ಟ್ ಮತ್ತು ಎಫ್7 ಒತ್ತಿದರೆ ಪುಟದ ಲಿಂಕುಗಳ ಪಟ್ಟಿ ಬರುತ್ತದೆ. ಇಲ್ಲಿ ಬಂದ ಪಟ್ಟಿ: ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ. ಅದನ್ನು ಮೊದಲು ಬದಲಿಸಿದೆ. ಈಗ ಲಿಂಕಿನಲ್ಲೇ ವಿಷಯ, ತಾರೀಕು, ಪಿಡಿಎಫ್ ಅನ್ನುವ ಮಾತು, ಗಾತ್ರ ಇವೆ.

ಒಳಗೆ ಮೂರು ಜಾತಿ. ಒಂದು, ಸ್ಕ್ಯಾನ್ ಮಾಡಿದ ಬರೀ ಚಿತ್ರ. ಎರಡು, ನುಡಿಯ ಹಳೇ ಫಾಂಟಿನದು. ಮೂರು, ಯೂನಿಕೋಡ್‌ನಲ್ಲೇ ಟೈಪ್ ಮಾಡಿದ್ದರೂ ಪ್ರಿಂಟ್ ಆಯ್ಕೆಯಿಂದ ಪಿಡಿಎಫ್ ಮಾಡಿದ್ದು. ಮೂರನೆಯದು ಸರಿ ಇರುತ್ತದೆ ಅಂತ ಅನ್ನಿಸುತ್ತದೆ. ಅದರಿಂದ ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಒತ್ತಕ್ಷರಗಳು ಒಂದು ಕಡೆ, ಸ್ವರಚಿಹ್ನೆಗಳು ಇನ್ನೊಂದು ಕಡೆ. ಟ್ಯಾಗ್ ಇರುವ ಪಿಡಿಎಫ್ ಮಾಡುವ ಆಯ್ಕೆ ಲಿಬ್ರೆ ಆಫೀಸ್‌ನಲ್ಲಿದೆ. ಅದು ರಚನೆ ಉಳಿಸುತ್ತದೆ, ಕನ್ನಡ ಪಠ್ಯವನ್ನು ಮಾತ್ರ ಪ್ರತಿ ಸಲ ನಕಲು ಮಾಡಿ ನೋಡಲೇಬೇಕಾಯಿತು.

ಕೊನೆಗೆ ತೆಗೆದುಕೊಂಡ ತೀರ್ಮಾನ ಸರಳ. ಹೊಸ ಸೂಚನೆಯ ಪಠ್ಯ ವೆಬ್‌ಪುಟದಲ್ಲೇ ಇರಬೇಕು. ಸಹಿ-ಮೊಹರಿನ ಪಿಡಿಎಫ್ ಅದರ ಕೆಳಗೆ, ದಾಖಲೆಗೆ ಮಾತ್ರ. ಹಳೇ ಸ್ಕ್ಯಾನ್‌ಗಳನ್ನು, ಚಿತ್ರದಿಂದ ಅಕ್ಷರ ಎತ್ತಿ ಕೊಡುವ ಟೆಸರಾಕ್ಟ್ ತಂತ್ರಾಂಶದ ಕನ್ನಡ ಮಾದರಿಗೆ ಕೊಟ್ಟು ನೋಡಿದೆವು. ಶುದ್ಧ ಅಚ್ಚಿನ ಪುಟ ಪರವಾಗಿಲ್ಲ. ಅಕ್ಷರದ ಮೇಲೇ ನೇರಳೆ ಮೊಹರು ಬಡಿದಿದ್ದರೆ ಏನೂ ಸಿಗುವುದಿಲ್ಲ. 'ಪ' ಹೋಗಿ 'ವ', 'ಧ' ಹೋಗಿ 'ದ' ಆಗುವುದು ಮಾಮೂಲು. ತೆರಿಗೆ ದರದ ಆದೇಶಗಳನ್ನೂ ಇನ್ನೂ ಜಾರಿಯಲ್ಲಿರುವ ಸೂಚನೆಗಳನ್ನೂ ಕೂತು ತಿದ್ದಿ ಹಾಕಿದೆವು. ಹಳೇ ನಡಾವಳಿಗಳಿಗೆ ಒಂದೊಂದು ಸಾಲಿನ ವಿವರ ಬರೆದು, ಪಠ್ಯ ಬೇಕಾದವರು ಕೇಳಲು ಒಂದು ಫೋನ್ ನಂಬರು, ಇಮೇಲ್ ಕೊಟ್ಟೆವು.

ದೂರಿನ ಫಾರಂ

ಬೀದಿ ದೀಪ, ಕಸ, ನೀರು, ಒಳಚರಂಡಿ. ಜನ ಸೈಟಿಗೆ ಬರುವುದೇ ಇದಕ್ಕೆ. ವಾರ್ಡ್ ಆರಿಸುವ ಪಟ್ಟಿಯನ್ನು ಡಿವ್ ಅನ್ನುವ ಬರೀ ಚೌಕಗಳಲ್ಲಿ ಕಟ್ಟಿದ್ದರು, ಮೌಸ್ ಇಲ್ಲದೆ ತೆರೆಯುತ್ತಿರಲಿಲ್ಲ. ಕಿತ್ತು ಹಾಕಿ ಬ್ರೌಸರ್‌ನದೇ ಮಾಮೂಲಿ ಆಯ್ಕೆ ಪಟ್ಟಿ, ಸೆಲೆಕ್ಟ್, ಇಟ್ಟೆ. ಒಟಿಪಿಗೆ ಆರು ಪುಟ್ಟ ಪೆಟ್ಟಿಗೆ ಇದ್ದವು. ಕಿವಿಗೆ ಅದು ಹೆಸರಿಲ್ಲದ ಆರು ಖಾಲಿ ಜಾಗ. ಒಂದೇ ಪೆಟ್ಟಿಗೆ ಮಾಡಿದೆ, ಅವಧಿಯನ್ನೂ ಜಾಸ್ತಿ ಮಾಡಿದೆ.

ಕ್ಯಾಪ್ಚಾದ ಸೊಟ್ಟ ಅಕ್ಷರದ ಚಿತ್ರವನ್ನು ತೆಗೆದುಹಾಕಿದೆ. ಒಟಿಪಿ ಇರುವಾಗ ಅದರ ಅಗತ್ಯವೇ ಇರಲಿಲ್ಲ. ಒಂದು ನಂಬರಿನಿಂದ ಗಂಟೆಗೆ ಇಷ್ಟೇ ದೂರು ಅನ್ನುವ ಮಿತಿ ಸರ್ವರ್‌ನಲ್ಲಿ ಹಾಕಿದೆ. ಜೊತೆಗೆ ರೋಬೋಗಳು ಮಾತ್ರ ತುಂಬುವ ಒಂದು ಮರೆಯ ಪೆಟ್ಟಿಗೆ. ಇದರಲ್ಲಿ ಹುಷಾರು: ಆ ಪೆಟ್ಟಿಗೆ ಸ್ಕ್ರೀನ್ ರೀಡರ್‌ಗೂ ಟ್ಯಾಬ್ ಕೀಗೂ ಸಿಗಬಾರದು. ಬರೀ ತೆರೆಯಿಂದ ಆಚೆಗೆ ತಳ್ಳಿಟ್ಟರೆ ಕಣ್ಣು ಕಾಣದವರು ಅದನ್ನು ಸಹಜವಾಗಿ ತುಂಬುತ್ತಾರೆ, ಸೈಟು ಅವರನ್ನೇ ರೋಬೋ ಅಂತ ಹೊರಗೆ ಹಾಕುತ್ತದೆ.

ತಪ್ಪಿನ ಸಂದೇಶ ಬರೀ ಕೆಂಪು ಗೆರೆಯಾಗಿತ್ತು. ಈಗ ಯಾವ ಪೆಟ್ಟಿಗೆ, ಏನು ತಪ್ಪು ಅಂತ ಮಾತಿನಲ್ಲಿ ಬರುತ್ತದೆ, ಫೋಕಸ್ ಅಲ್ಲಿಗೇ ಹೋಗುತ್ತದೆ. ಕನ್ನಡ ಕೀಬೋರ್ಡಿನಲ್ಲಿ ಫೋನ್ ನಂಬರನ್ನು ಕನ್ನಡ ಅಂಕಿಯಲ್ಲಿ ಒತ್ತಿದರೆ 'ತಪ್ಪು ನಂಬರ್' ಅನ್ನುತ್ತಿತ್ತು. ಎರಡು ಸಾಲಿನ ಕೋಡ್, ಎರಡೂ ಅಂಕಿ ನಡೆಯುತ್ತವೆ.

ದೃಷ್ಟಿ ಮಂದ ಇರುವವರಿಗೆ ಪುಟ ದೊಡ್ಡದು ಮಾಡಿದಾಗ 'ಸಲ್ಲಿಸಿ' ಬಟನ್‌ನಲ್ಲಿ ಲ ಒತ್ತಿನ ಅಡಿ ಕತ್ತರಿಸಿ ಹೋಗುತ್ತಿತ್ತು, ಓದಿದರೆ 'ಸಲಿಸಿ'. ಬಟನ್ನಿನ ಎತ್ತರ 28 ಪಿಕ್ಸೆಲ್‌ಗೆ ಕಟ್ಟಿಹಾಕಿದ್ದರು. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕು, ನಮ್ಮ ಒತ್ತಕ್ಷರಕ್ಕೆ ನೆಲಮಾಳಿಗೆ ಬೇಕು. ಎತ್ತರ ಬಿಟ್ಟುಕೊಟ್ಟು, ಸಾಲಿನ ಅಂತರ 1.6 ಮಾಡಿದೆ.

ನೀಲಿ ಐಕಾನ್

"ಆ ವೀಲ್‌ಚೇರ್ ಗುರುತಿನ ನೀಲಿ ಐಕಾನ್ ಒಂದು ಮೂಲೇಲಿ ಹಾಕಿಬಿಡಿ ಸಾರ್, ಮೇಲಿನವರು ಬಂದ್ರೆ ಅದನ್ನೇ ಕೇಳೋದು," ಅಂದರು ಸಾಹೇಬರು. ಒತ್ತಿದರೆ ಓದಿ ಹೇಳುವ, ಬಣ್ಣ ಬದಲಿಸುವ ರೆಡಿಮೇಡ್ ಪ್ಲಗಿನ್‌ಗಳು ಇವು. ಮೇಷ್ಟ್ರು ಅಲ್ಲೇ ಇದ್ದರು. "ಓದೋ ಯಂತ್ರ ನನ್ನ ಹತ್ರಾನೇ ಇದೆ ಸಾರ್. ನಿಮ್ಮದೂ ಅದರ ಮೇಲೆ ಮಾತಾಡಿದ್ರೆ ನಾನು ಯಾವುದನ್ನ ಕೇಳಲಿ?" ಅಂದರು. ಒಂದು ಸಾಲಿನ ಕೋಡ್ ಹಾಕಿದರೆ ಸೈಟು ಪೂರ್ತಿ ನಿಯಮಕ್ಕೆ ಒಪ್ಪುತ್ತದೆ ಅಂತ ಹೇಳಿಕೊಂಡಿದ್ದ ಇಂಥ ಒಂದು ಕಂಪನಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿದೆ. ಐಕಾನ್ ಹಾಕಲಿಲ್ಲ. ಮೇಲಿದ್ದ ಅಕ್ಷರ ಹಿಗ್ಗಿಸುವ ಬಟನ್‌ಗಳನ್ನು ಮಾತ್ರ ಉಳಿಸಿ, ಅವು ನಿಜವಾಗಿ ಕೆಲಸ ಮಾಡುವ ಹಾಗೆ ಮಾಡಿದೆ.

ಒಪ್ಪಿಸಿದ್ದು

ಟೈಪ್ ಮಾಡುವ ಮೇಡಂಗೆ ಇದ್ದ ಭಯ ಒಂದೇ, ಇಷ್ಟು ವರ್ಷದ ಬೆರಳಿನ ಅಭ್ಯಾಸ ಬಿಡಬೇಕಾ ಅಂತ. ಬೇಕಿಲ್ಲ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಗಳ ಜಾಗ ಅದೇ. ಅದನ್ನು ಬದಲಿಸಿ ಕೊಟ್ಟ ಮೇಲೆ ಅವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಅಪ್‌ಲೋಡ್ ಪುಟಕ್ಕೆ ಒಂದು ಕಾವಲು ಹಾಕಿದ್ದೇನೆ. ಹಳೇ ಫಾಂಟಿನ ಪಠ್ಯ ಅಂಟಿಸಿದರೆ ತೆಗೆದುಕೊಳ್ಳುವುದಿಲ್ಲ, ಬದಲಿಸಿ ಕೊಡಲಾ ಅಂತ ಕೇಳುತ್ತದೆ. ಸೊನ್ನೆಯನ್ನು ತಾನೇ ತಿದ್ದುತ್ತದೆ, ಒಂಬತ್ತನ್ನು ಕೇಳಿ ತಿದ್ದುತ್ತದೆ. ಆಲ್ಟ್ ಪಠ್ಯ ಇಲ್ಲದ ಚಿತ್ರ ಪ್ರಕಟ ಆಗುವುದಿಲ್ಲ. ಮೊದಲ ವಾರ ಮೇಡಂ ಎಲ್ಲ ಚಿತ್ರಕ್ಕೂ 'ಫೋಟೋ' ಅಂತ ಬರೆದರು. ಮೇಷ್ಟ್ರು ಫೋನ್ ಮಾಡಿ, "ಮೇಡಂ, ಯಾರ ಫೋಟೋ ಅಂತ ಹೇಳಿದ್ರೆ ನಾನೂ ನೋಡ್ಬಹುದಿತ್ತು," ಅಂದರಂತೆ. ಈಗ ಹೆಸರು, ಸಂದರ್ಭ ಬರುತ್ತಿವೆ.

ಬಾಕಿ ಇರುವುದು ಆಯವ್ಯಯದ ಪುಟ. ಕೋಷ್ಟಕವನ್ನೇ ಚಿತ್ರವಾಗಿ ಹಾಕಿದ್ದಾರೆ, ಮೂಲ ಕಡತದಲ್ಲಿ ಕೋಶಗಳನ್ನು ಅಡ್ಡಡ್ಡ ಸೇರಿಸಿದ್ದಾರೆ. ಹಾಗೇ ಹಾಕಿದರೆ ಯಾವ ಮೊತ್ತ ಯಾವ ಲೆಕ್ಕಶೀರ್ಷಿಕೆಗೆ ಸೇರಿದ್ದು ಅಂತ ಸ್ಕ್ರೀನ್ ರೀಡರ್‌ಗೆ ಹೊಳೆಯುವುದಿಲ್ಲ. ಲೆಕ್ಕದ ವಿಭಾಗದಿಂದ ಎಕ್ಸೆಲ್ ಕಡತ ಕೇಳಿದ್ದೇನೆ. ಬಂದ ಮೇಲೆ ಒಂದೊಂದು ಶೀರ್ಷಿಕೆಗೂ ಒಂದೊಂದು ಸಣ್ಣ ಕೋಷ್ಟಕ ಮಾಡಿ ಹಾಕಬೇಕು.